ಮೊಳೆ ಹೊಡೆಯಬಾರದ ಮನೆ

ಹೊಸ ಮನೆಗೆ ಹೋದವರು ಮೊದಲ ವಾರದಲ್ಲೇ ಮಾಡುವ ಕೆಲಸ ಮೊಳೆ ಹೊಡೆಯುವುದು. ದೇವರ ಪಟಕ್ಕೊಂದು, ಕ್ಯಾಲೆಂಡರಿಗೊಂದು, ಗಡಿಯಾರಕ್ಕೊಂದು, ಬೀಗದ ಕೈ ಗೊಂಚಲಿಗೊಂದು. ಅಮೆರಿಕದ ಓಹಾಯೊ ರಾಜ್ಯದ ಕೊಲಂಬಸ್ ನಗರದಲ್ಲಿ, ರಾಜ್ಯದ ಇತಿಹಾಸ ಸಂಗ್ರಹಾಲಯದ ಒಳಗೆ 2013ರಲ್ಲಿ ನಿಲ್ಲಿಸಿದ ಒಂದು ಮನೆಯಲ್ಲಿ ಆ ಕೆಲಸಕ್ಕೆ ಆಸ್ಪದವೇ ಇಲ್ಲ. ಗೋಡೆ, ಒಳಮಾಡು, ಕಪಾಟು, ಹೊರಗಿನ ಹೆಂಚು ಎಲ್ಲವೂ ಉಕ್ಕಿನ ತಗಡು. ತಗಡಿನ ಮೇಲೆ ಪಿಂಗಾಣಿ ಲೇಪ. ಮೊಳೆ ಒಳಗೆ ಇಳಿಯುವುದಿಲ್ಲ. ಹಟಕ್ಕೆ ಬಿದ್ದು ಡ್ರಿಲ್ ಹಿಡಿದರೆ ತೂತಿನ ಸುತ್ತ ಲೇಪ ಚಕ್ಕೆಚಕ್ಕೆಯಾಗಿ ಏಳುತ್ತದೆ. ಪಟ ತೂಗುಹಾಕಬೇಕಿದ್ದರೆ ಆಯಸ್ಕಾಂತ ತರಬೇಕು.

ಇದು ಲಸ್ಟ್ರಾನ್ ಮನೆ. ಎರಡನೇ ಮಹಾಯುದ್ಧ ಮುಗಿದು ಸೈನಿಕರು ಊರಿಗೆ ಮರಳಿ, ಇರಲು ಮನೆ ಸಿಗದೆ ಪರದಾಡುತ್ತಿದ್ದ ಕಾಲದಲ್ಲಿ, 1948ರಿಂದ 1950ರೊಳಗೆ ಇದೇ ಕೊಲಂಬಸ್‌ನ ಕಾರ್ಖಾನೆಯಿಂದ ಸುಮಾರು 2,500 ಇಂಥ ಮನೆಗಳು ಹೊರಬಂದವು. ಒಂದು ಮನೆ ಎಂದರೆ ಸುಮಾರು 3,300 ಬಿಡಿಭಾಗ, ಒಂದು ಟ್ರಕ್ ಹೊರೆ. ಹೆಚ್ಚು ಮಾರಾಟವಾದದ್ದು ವೆಸ್ಟ್‌ಚೆಸ್ಟರ್ ಎಂಬ ಮಾದರಿ: ಎರಡು ಮಲಗುವ ಕೋಣೆ, 31 ಅಡಿಗೆ 35 ಅಡಿ, ಒಳಗೆ ಹೆಚ್ಚುಕಡಿಮೆ ಸಾವಿರ ಚದರಡಿ. ನಮ್ಮ ಲೆಕ್ಕದಲ್ಲಿ 30-40 ಸೈಟಿನಷ್ಟು ವಿಸ್ತಾರವಿಲ್ಲ, ಆದರೂ ಅಗಲಕ್ಕೆ ಒಂದಡಿ ಹೆಚ್ಚಾಗಿ ಅದರೊಳಗೆ ಕೂರುವುದಿಲ್ಲ.

ಮಾಡರ್ನಿಸ್ಟ್ ಮನೆ ಅಂದಕೂಡಲೇ ಗಾಜಿನ ಗೋಡೆ, ಚಪ್ಪಟೆ ಸೂರು, ಗಾಳಿಯಲ್ಲಿ ತೇಲುವಂಥ ಮಹಡಿ ನೆನೆಸಿಕೊಂಡು ಹೋದವರಿಗೆ ಲಸ್ಟ್ರಾನ್ ಮೊದಲ ನೋಟಕ್ಕೆ ಸಪ್ಪೆ. ಎರಡಿಳಿಜಾರಿನ ಸೂರು, ಮುಂದೊಂದು ಪುಟ್ಟ ಜಗಲಿ, ಉಬ್ಬು ಕಿಟಕಿ. ಅಮೆರಿಕದ ಯಾವ ಬೀದಿಯಲ್ಲಿದ್ದರೂ ಕಣ್ಣಿಗೆ ಹೊಡೆಯದ ಬಂಗಲೆ. ಇದನ್ನು ವಿನ್ಯಾಸಗೊಳಿಸಿದ ಮಾರಿಸ್ ಬೆಕ್‌ಮನ್ ಮತ್ತು ರಾಯ್ ಬ್ಲಾಸ್ ಬುದ್ಧಿವಂತಿಕೆಯಿಂದಲೇ ಹಾಗೆ ಮಾಡಿದರು ಎನ್ನಬೇಕು. ಸಾಲ ಕೊಡುವ ಬ್ಯಾಂಕಿನವನೂ ಪಕ್ಕದ ಮನೆಯವನೂ ಹೆದರದ ಆಕಾರ ಅದು. ಹೊಸತನ ಇರುವುದು ಆಕಾರದಲ್ಲಲ್ಲ, ಗೀಟಿನಲ್ಲಿ. ಹೊರಗೋಡೆ ಪೂರ್ತಿ ಎರಡಡಿಗೆ ಎರಡಡಿಯ ಚೌಕ. ಒಳಗೋಡೆಯಲ್ಲಿ ಎರಡಡಿ ಅಗಲದ ಉದ್ದುದ್ದ ಫಲಕ. ಒಳಮಾಡಿನಲ್ಲಿ ನಾಲ್ಕಡಿಯ ಚೌಕ. ಕಿಟಕಿ ಎಲ್ಲಿ ಬರಬೇಕು, ಬಾಗಿಲು ಎಷ್ಟಗಲ ಇರಬೇಕು ಎಂಬುದನ್ನೆಲ್ಲ ಈ ಎರಡಡಿ ತೀರ್ಮಾನಿಸಿದೆ. 2008ರಲ್ಲಿ ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್ ಕಾರ್ಖಾನೆಯಲ್ಲಿ ತಯಾರಾದ ಮನೆಗಳ ದೊಡ್ಡ ಪ್ರದರ್ಶನ ಮಾಡಿದಾಗ, ಪಕ್ಕದ ಖಾಲಿ ನಿವೇಶನದಲ್ಲಿ ಐದು ಹೊಸ ಮನೆಗಳನ್ನು ಪೂರ್ಣ ಗಾತ್ರದಲ್ಲಿ ಕಟ್ಟಿತ್ತು. ಒಳಗಿನ ಗ್ಯಾಲರಿಯಲ್ಲಿ ಲಸ್ಟ್ರಾನಿನ ಭಾಗವನ್ನು ಜೋಡಿಸಿ ಇಟ್ಟಿತ್ತು. ಹೊರಗಿನ ಐದರ ಮುಂದೆ ಇದು ಅಜ್ಜನ ಕಾಲದ ಮನೆಯಂತೆ ಕಂಡಿದ್ದರೆ ಆಶ್ಚರ್ಯವಿಲ್ಲ. ಆದರೆ ಆರರಲ್ಲಿ ಸಾವಿರಗಟ್ಟಲೆ ತಯಾರಾಗಿ, ಸಂಸಾರಗಳು ನಿಜವಾಗಿ ಬಾಳಿದ್ದು ಇದೊಂದರಲ್ಲೇ.

ಹಾಗೆ ನೋಡಿದರೆ ಇದು ಹುಟ್ಟಿದ್ದೇ ಪ್ರದರ್ಶನದ ಮನೆಯಾಗಿ. 1948ರಲ್ಲಿ ನ್ಯೂಯಾರ್ಕಿನ ಆರನೇ ಅವೆನ್ಯೂ ಮತ್ತು 52ನೇ ರಸ್ತೆ ಕೂಡುವ ಮೂಲೆಯಲ್ಲಿ ಒಂದು ಮಾದರಿ ಮನೆ ನಿಲ್ಲಿಸಿ ಜನರನ್ನು ಒಳಗೆ ಬಿಟ್ಟರು. ಬೇರೆ ಬೇರೆ ಊರುಗಳಲ್ಲೂ ಮಾರಾಟಗಾರರು ಮೊದಲು ಕಟ್ಟುತ್ತಿದ್ದದ್ದು ನೋಡುವವರಿಗಾಗಿ ಒಂದು ಮನೆಯನ್ನೇ. ಸಂಗ್ರಹಾಲಯದ ಸಾಲಿನಲ್ಲಿ ನಿಂತು ಈ ಮನೆ ಹೊಕ್ಕು ಹೊರಬರುವವರು ಹೆಚ್ಚುಕಡಿಮೆ ಆಗಿನ ಗಿರಾಕಿ ನಡೆದ ದಾರಿಯಲ್ಲೇ ನಡೆಯುತ್ತಿರುತ್ತಾರೆ.

ಇದರ ಹಿಂದಿದ್ದವರು ಕಾರ್ಲ್ ಸ್ಟ್ರಾಂಡ್‌ಲಂಡ್, ಸ್ವೀಡನ್ನಿನಲ್ಲಿ ಹುಟ್ಟಿದ ಎಂಜಿನಿಯರ್. ಷಿಕಾಗೊದ ಪಿಂಗಾಣಿ ಲೇಪದ ಕಂಪನಿಯೊಂದರಲ್ಲಿ ಇದ್ದವರು. 1946ರಲ್ಲಿ ಅವರು ವಾಷಿಂಗ್ಟನ್ನಿಗೆ ಹೋದದ್ದು ಮನೆಗಾಗಿ ಅಲ್ಲವೇ ಅಲ್ಲ. ಪೆಟ್ರೋಲ್ ಬಂಕುಗಳ ಗೋಡೆಗೆ ಬೇಕಾದ ಉಕ್ಕು ಕೇಳಲು. ಉಕ್ಕು ಆಗ ಪಡಿತರದ ವಸ್ತು. ಬಂಕಿಗೆ ಕೊಡಲಾಗದು, ಮನೆ ಕಟ್ಟುವುದಾದರೆ ಕೊಡಬಹುದು ಎಂದರು ಅಧಿಕಾರಿಗಳು. ಸ್ಟ್ರಾಂಡ್‌ಲಂಡ್ ಮನೆಯ ನಕ್ಷೆ ಹಿಡಿದು ವಾಪಸು ಬಂದರು. ಬಂಕಿನ ಗೋಡೆ ಮನೆಗೋಡೆಯಾದ ಈ ಕಥೆ ತಿಳಿದಮೇಲೆ ಮನೆಯನ್ನು ಮತ್ತೊಮ್ಮೆ ನೋಡಿದರೆ, ಹೊರಮೈಯ ಆ ನುಣುಪು, ನೀರು ಹಾಯಿಸಿ ಒರೆಸಿದರೆ ಸಾಕೆನ್ನುವ ಆ ಭಾವ ಎಲ್ಲಿಂದ ಬಂತೆಂದು ಹೊಳೆಯುತ್ತದೆ.

ಪಿಂಗಾಣಿ ಲೇಪ ನಮಗೇನೂ ಹೊಸದಲ್ಲ. ನೀಲಿ ಅಂಚಿನ ಬಿಳಿ ತಟ್ಟೆ, ಆಸ್ಪತ್ರೆಯ ಬೇಸಿನ್ನು, ಹಳೆಯ ಅಂಗಡಿಗಳ ಮುಂದೆ ತೂಗುತ್ತಿದ್ದ ಚಹಾ ಜಾಹೀರಾತಿನ ತಗಡು, ಎಲ್ಲ ಇದೇ ಜಾತಿ. ಗಾಜನ್ನು ಕರಗಿಸಿ, ತಣ್ಣೀರಿಗೆ ಸುರಿದು ಒಡೆದು, ಅರೆದು ಹಿಟ್ಟು ಮಾಡುತ್ತಾರೆ. ಅದನ್ನು ನೀರು ಮತ್ತು ಜೇಡಿಯೊಡನೆ ಕಲಸಿ ತಗಡಿನ ಮೇಲೆ ಸಿಂಪಡಿಸಿ, ಒಣಗಿಸಿ, ಸುಮಾರು 800 ಡಿಗ್ರಿ ಸೆಲ್ಸಿಯಸ್‌ ಕುಲುಮೆಯಲ್ಲಿ ಕೆಲವು ನಿಮಿಷ ಬೇಯಿಸಿದರೆ ಗಾಜು ಕರಗಿ ಉಕ್ಕಿಗೆ ಅಂಟುತ್ತದೆ. ಬಣ್ಣದ ಪದರ ನೇರವಾಗಿ ಉಕ್ಕಿಗೆ ಹಿಡಿಯುವುದಿಲ್ಲ. ಕೆಳಗೊಂದು ತಳಪದರ ಬೇಕು. ಅದರಲ್ಲಿ ಕೋಬಾಲ್ಟಿನ ಅಂಶ ಇರುವುದರಿಂದ ಅದು ಕಡುನೀಲಿ, ಬಹುಪಾಲು ಕಪ್ಪು. ಕೈಜಾರಿ ಬಿದ್ದ ಪಿಂಗಾಣಿ ತಟ್ಟೆಯಲ್ಲಿ ಬಿಳಿ ಹಾರಿದ ಕಡೆ ಕಾಣುವ ಕರಿಚುಕ್ಕೆ ಅದೇ. ಚುಕ್ಕೆ ಕಪ್ಪಾಗಿರುವತನಕ ಚಿಂತೆಯಿಲ್ಲ. ಕಂದು ತಿರುಗಿದರೆ ತಳಪದರವೂ ಹೋಯಿತು, ಉಕ್ಕಿಗೆ ನೀರು ಮುಟ್ಟಿತು ಎಂದರ್ಥ. ಲಸ್ಟ್ರಾನ್ ಮನೆಯ ಗೋಡೆ ಓದುವುದಕ್ಕೂ ಇದೇ ಸೂತ್ರ.

ಕುಲುಮೆಯಿಂದ ಹೊರಬಂದ ಫಲಕ ತಣ್ಣಗಾಗುವಾಗ ಉಕ್ಕು ಗಾಜಿಗಿಂತ ತುಸು ಹೆಚ್ಚು ಕುಗ್ಗುತ್ತದೆ. ಹಾಗಾಗಿ ಮೇಲಿನ ಗಾಜು ಸದಾ ಒತ್ತಿ ಹಿಡಿದ ಸ್ಥಿತಿಯಲ್ಲಿರುತ್ತದೆ. ಗಾಜು ಒತ್ತಡ ತಡೆಯುತ್ತದೆ, ಎಳೆತ ತಡೆಯದು. ಫಲಕದ ಮೈ ಗಟ್ಟಿ, ಬಿಸಿಲಿಗೆ ಬಣ್ಣ ಮಾಸದು, ಮಸಿ ಹತ್ತಿದರೆ ಒದ್ದೆ ಬಟ್ಟೆ ಸಾಕು. ಆದರೆ ಫಲಕ ತಿರುಚಿಕೊಂಡರೆ, ಅಂಚಿಗೆ ಪೆಟ್ಟು ಬಿದ್ದರೆ, ಸ್ಕ್ರೂ ಅತಿಯಾಗಿ ಬಿಗಿದು ಮೂಲೆ ಬಾಗಿದರೆ ಒತ್ತಡ ಎಳೆತವಾಗುತ್ತದೆ, ಚಕ್ಕೆ ಸಿಡಿಯುತ್ತದೆ. ಈ ಮನೆಗಳ ತೊಂದರೆಗಳೆಲ್ಲ ಫಲಕದ ನಡುವೆ ಅಲ್ಲ, ಅಂಚಿನಲ್ಲಿ ಶುರುವಾಗುವುದು ಇದಕ್ಕೇ.

ಪ್ರದರ್ಶನದಲ್ಲಿ ಮೊದಲು ಎಲ್ಲಿ ನಿಲ್ಲಬೇಕು ಎಂದು ಯಾರಾದರೂ ಕೇಳಿದರೆ, ಹೊರಗೋಡೆಯ ಎರಡು ಚೌಕ ಕೂಡುವ ಸಂದಿನ ಮುಂದೆ ಎನ್ನಬಹುದು. ಪ್ರತಿ ಚೌಕವೂ ನಾಲ್ಕು ಅಂಚು ಒಳಕ್ಕೆ ಮಡಿಚಿದ ಆಳವಿಲ್ಲದ ತಟ್ಟೆ. ಬೆನ್ನಿಗೆ ಗಾಜಿನ ನಾರಿನ ಹಾಸು. ಎರಡು ತಟ್ಟೆಗಳ ನಡುವೆ ಉಕ್ಕಿಗೆ ಉಕ್ಕು ತಾಗುವುದಿಲ್ಲ. ಸಂದಿಯಲ್ಲಿ ಪಿವಿಸಿ ಪಟ್ಟಿ ಒತ್ತಿ ಕೂರಿಸಿದ್ದಾರೆ. ಇದು ಎರಡು ಕೆಲಸ ಮಾಡುತ್ತದೆ. ಮಳೆನೀರು ತಡೆಯುವುದು ಎಲ್ಲರಿಗೂ ಗೊತ್ತಾಗುವ ಕೆಲಸ. ಇನ್ನೊಂದಕ್ಕೆ ಸಣ್ಣ ಲೆಕ್ಕ ಬೇಕು. ಉಕ್ಕು ಪ್ರತಿ ಡಿಗ್ರಿಗೆ ಮೀಟರಿಗೆ 0.012 ಮಿಲಿಮೀಟರ್ ಹಿಗ್ಗುತ್ತದೆ. ಚಳಿಗಾಲದ ರಾತ್ರಿಗೂ ಬೇಸಿಗೆಯ ಮಧ್ಯಾಹ್ನಕ್ಕೂ ಗೋಡೆಯ ಮೈಯಲ್ಲಿ 50 ಡಿಗ್ರಿ ಅಂತರ ಹಿಡಿದರೆ, 35 ಅಡಿಯ ಅಖಂಡ ಗೋಡೆ ಆರು ಮಿಲಿಮೀಟರಿಗೂ ಹೆಚ್ಚು ಉದ್ದವಾಗುತ್ತಿತ್ತು. ಎಲ್ಲೋ ಒಂದು ಕಡೆ ಉಬ್ಬಿ ಲೇಪ ಸಿಡಿಯುತ್ತಿತ್ತು. ಎರಡಡಿಯ ತುಂಡಿನಲ್ಲಿ ಆ ಹಿಗ್ಗು ಅರ್ಧ ಮಿಲಿಮೀಟರಿಗಿಂತ ಕಡಿಮೆ. ಅಷ್ಟನ್ನು ಪಟ್ಟಿ ನುಂಗಿಕೊಳ್ಳುತ್ತದೆ. ಕುಲುಮೆಗೆ ಹಿಡಿಸುವ ಗಾತ್ರ, ಒಬ್ಬನೇ ಎತ್ತಿ ಹಿಡಿಯಬಹುದಾದ ತೂಕ, ಹಿಗ್ಗುವ ಲೆಕ್ಕ, ಈ ಮೂರೂ ಎರಡಡಿಯ ಚೌಕದಲ್ಲಿ ಒಪ್ಪುತ್ತವೆ.

ಒಳಗೆ ಹೋದಮೇಲೆ ತಲೆ ಎತ್ತಿ ನೋಡಬೇಕು. ಈ ಮನೆಗೆ ಬಿಸಿ ಬರುವುದು ಮೇಲಿಂದ. ಮನೆ ಬೆಚ್ಚಗಿಡುವ ಒಲೆಯಲ್ಲಿ ಕಾದ ಗಾಳಿಯನ್ನು ಒಳಮಾಡಿನ ತಗಡಿಗೂ ಅಟ್ಟಕ್ಕೂ ನಡುವಿನ ಪೊಳ್ಳಿಗೆ ಊದುತ್ತಾರೆ. ತಗಡು ಕಾದು ಕೆಳಕ್ಕೆ ಬಿಸಿ ಸೂಸುತ್ತದೆ. ಬಿಸಿಲಿನಂತೆ ಮೈಗೆ ನೇರವಾಗಿ ತಾಗುವ ಶಾಖ, ಗಾಳಿ ಬೀಸುವ ಸದ್ದಿಲ್ಲ, ನೆಲದಲ್ಲಿ ಜಾಲರಿಯಿಲ್ಲ. ಕಾಗದದ ಮೇಲೆ ಚೆಂದ. ಆದರೆ ಮೇಜಿನ ಕೆಳಗೆ ಚಾಚಿದ ಕಾಲಿಗೆ ಮೇಜಿನ ನೆರಳು. ನೆಲವೋ ನೇರ ಮಣ್ಣಿನ ಮೇಲೆ ಹಾಕಿದ ಕಾಂಕ್ರೀಟು. ತಲೆ ಬೆಚ್ಚಗೆ, ಪಾದ ತಣ್ಣಗೆ. ಪೊಳ್ಳಿನ ಸಂದಿಗಳು ಸಡಿಲವಾದಂತೆ ಕಾದ ಗಾಳಿ ಅಟ್ಟಕ್ಕೆ ಸೋರಿ, ಉರುವಲಿನ ಖರ್ಚು ಏರುತ್ತದೆ. ಹಲವರು ಈ ವ್ಯವಸ್ಥೆ ಕಿತ್ತು ಬೇರೆ ಹೀಟರು ಹಾಕಿಸಿಕೊಂಡರು. ಇಡೀ ಮನೆಯಲ್ಲಿ ವಿನ್ಯಾಸಕಾರರು ತಪ್ಪಿದ್ದು ಎಲ್ಲಿ ಎಂದರೆ ಇಲ್ಲೇ.

ಗೋಡೆಯೊಳಗೆ ಹುದುಗಿಸಿದ ಕಪಾಟುಗಳ ವಿಷಯದಲ್ಲಿ ಮಾತ್ರ ಅವರಿಗೆ ಪೂರ್ತಿ ಅಂಕ ಕೊಡಬೇಕು. ಹಾಲಿನಲ್ಲಿ ಪುಸ್ತಕದ ಗೂಡು, ಮಲಗುವ ಕೋಣೆಯಲ್ಲಿ ಕನ್ನಡಿ ಸಮೇತ ಅಲಂಕಾರದ ಮೇಜು, ಅಡುಗೆಮನೆಗೂ ಊಟದ ಜಾಗಕ್ಕೂ ನಡುವೆ ಎರಡೂ ಕಡೆಯಿಂದ ತೆರೆಯುವ ಪಾತ್ರೆ ಕಪಾಟು. ಅದರ ನಡುವಿನ ಕಿಂಡಿಯಿಂದ ಬಡಿಸುವ ಪಾತ್ರೆಯನ್ನು ದಾಟಿಸಬಹುದು. ಬಾಗಿಲುಗಳು ಗೋಡೆಯೊಳಗೆ ಸರಿಯುತ್ತವೆ. ಬಾಗಿಲು ತಿರುಗುವ ಜಾಗವೆಲ್ಲ ಉಳಿತಾಯ. ಸಾವಿರ ಚದರಡಿಯ ಮನೆ ಇಕ್ಕಟ್ಟೆನಿಸದಿರಲು ಇದೇ ಕಾರಣ. ಅಡುಗೆಮನೆಯಲ್ಲಿ ಥಾರ್ ಆಟೋಮ್ಯಾಜಿಕ್ ಎಂಬ ಯಂತ್ರ ಇದ್ದರೆ ತಪ್ಪದೆ ನೋಡಬೇಕು: ತೊಟ್ಟಿ ಬದಲಿಸಿದರೆ ಅದೇ ಯಂತ್ರ ಬಟ್ಟೆಯನ್ನೂ ಒಗೆಯುತ್ತಿತ್ತು, ಪಾತ್ರೆಯನ್ನೂ ತೊಳೆಯುತ್ತಿತ್ತು. ಮಡಿ ಮೈಲಿಗೆಯ ನೆನಪಿರುವ ಮನೆಯವರು ಈ ಸಂಗಮವನ್ನು ಒಪ್ಪುತ್ತಿದ್ದರೇ ಎಂಬುದು ಬೇರೆ ಮಾತು. ಅಮೆರಿಕದವರೂ ಹೆಚ್ಚು ದಿನ ಒಪ್ಪಲಿಲ್ಲ.

ಇನ್ನು ಜೋಡಿಸುವ ಕ್ರಮ. ಕಂಪನಿ ಇಟ್ಟುಕೊಂಡಿದ್ದ ಲೆಕ್ಕ ಸುಮಾರು 360 ಆಳುಗಂಟೆ: ಆರು ಜನ, ದಿನಕ್ಕೆ ಎಂಟು ಗಂಟೆಯಂತೆ ಏಳೂವರೆ ದಿನ. ಕೈ ಪಳಗದ ಗುಂಪಿಗೆ ಇದರ ಹಲವು ಪಟ್ಟು ಹಿಡಿಯುತ್ತಿತ್ತು. ಕಾರಣ ಬಹುಪಾಲು ಪಾಯ. ಕಾರ್ಖಾನೆಯಿಂದ ಬರುವುದೆಲ್ಲ ಕರಾರುವಾಕ್ಕಾದ ಅಳತೆ; ಕಾಂಕ್ರೀಟು ಮಾತ್ರ ಊರಿನ ಕೆಲಸದವರದು. ನಮ್ಮಲ್ಲಿ ಪಾಯ ತುಸು ಏರುಪೇರಾದರೆ ಗಾರೆಯವನು ಒಂದು ಕಡೆ ಗಾರೆ ದಪ್ಪ ಹಾಕಿ ಸರಿತೂಗಿಸುತ್ತಾನೆ, ಯಾರಿಗೂ ಗೊತ್ತಾಗುವುದಿಲ್ಲ. ಲಸ್ಟ್ರಾನಿನಲ್ಲಿ ಗಾರೆಯೇ ಇಲ್ಲ. ಪಾಯದ ಒಂದು ಮೂಲೆ ಕಾಲಿಂಚು ತಗ್ಗಿದರೆ ಆ ಕಾಲಿಂಚು ಚೌಕಟ್ಟಿಗೇರಿ, ಚೌಕಟ್ಟಿನಿಂದ ಫಲಕದ ಸಂದಿಗೇರಿ, ಕೊನೆಗೆ ಸೂರಿನ ಅಂಚಿನಲ್ಲಿ ಕೂಡದ ಗೀಟಾಗಿ ಎಲ್ಲರ ಕಣ್ಣಿಗೂ ಬೀಳುತ್ತದೆ. ಆದ್ದರಿಂದ ಕಾಂಕ್ರೀಟು ಹಾಕುವಾಗಲೇ ರಸಮಟ್ಟ ಹಿಡಿದು ನೋಡಬೇಕು, ಕೊಳಾಯಿಯ ಕೊಳವೆಗಳು ಮೇಲೆದ್ದು ಬರುವ ಜಾಗವನ್ನು ನಕ್ಷೆಯೊಡನೆ ತಾಳೆ ಹಾಕಬೇಕು. ಕೊಳವೆ ಎರಡಿಂಚು ಸರಿದರೆ ಬಚ್ಚಲಿನ ಗೋಡೆ ಅದರ ಮೇಲೆ ಕೂರುವುದಿಲ್ಲ. ಕಾಂಕ್ರೀಟು ಒಡೆಯದೆ ಬೇರೆ ದಾರಿಯಿಲ್ಲ.

ಆಮೇಲಿನದು ಸುಲಭ. ಬೆಸುಗೆ ಹಾಕಿದ ಉಕ್ಕಿನ ಗೋಡೆ ಚೌಕಟ್ಟುಗಳನ್ನು ಎಬ್ಬಿಸಿ, ಒಂದಕ್ಕೊಂದು ಬೋಲ್ಟು ಬಿಗಿಯುವುದು. ಮೇಲೆ ಕೈಮರಗಳ ಬದಲು ಉಕ್ಕಿನ ಟ್ರಸ್ಸು. ಸೂರಿನ ಪಿಂಗಾಣಿ ಹೆಂಚು. ಹೊರಗಿನ ಚೌಕಗಳು, ಪಟ್ಟಿಗಳು, ಕಿಟಕಿಗಳು. ಅಡುಗೆಮನೆ ಮತ್ತು ಬಚ್ಚಲು ಬೆನ್ನಿಗೆ ಬೆನ್ನು ಕೊಟ್ಟು ನಿಂತಿರುವುದರಿಂದ ನೀರಿನ ಕೊಳವೆಗಳೆಲ್ಲ ಒಂದೇ ಕಡೆ. ಒಳಮಾಡು, ಒಳಗೋಡೆ, ಕಪಾಟು ಕೊನೆಗೆ, ನೆಲಕ್ಕೆ ಡಾಂಬರು ಟೈಲು. ಲಾರಿಗೆ ಸರಕು ತುಂಬುವಾಗಲೇ ಈ ಕ್ರಮವನ್ನು ತಿರುವುಮುರುವು ಮಾಡಿ ತುಂಬುತ್ತಿದ್ದರು: ಮೊದಲು ಬೇಕಾದದ್ದು ಕೊನೆಗೆ ಒಳಗೆ ಹೋಗುತ್ತಿತ್ತು. ಆ ಲಾರಿಯ ಟ್ರೇಲರನ್ನೇ ಮನೆಗೆಂದು ವಿನ್ಯಾಸಗೊಳಿಸಿದ್ದರು. ಟ್ರೇಲರು ನಿವೇಶನದಲ್ಲೇ ನಿಂತು ಉಗ್ರಾಣದ ಕೆಲಸ ಮಾಡುತ್ತಿತ್ತು. ಇದರಲ್ಲಿ ಒಂದು ಕಷ್ಟವಿತ್ತು. ನಡುವಿನ ಒಂದು ಭಾಗ ಸಾಗಣೆಯಲ್ಲಿ ಚಕ್ಕೆ ಎದ್ದಿದ್ದರೆ ಬದಲಿ ಬರುವತನಕ ಕೆಲಸ ನಿಲ್ಲುತ್ತಿತ್ತು. ಪೇಟೆಗೆ ಹೋಗಿ ಇನ್ನೊಂದು ತರುವಂತಿಲ್ಲ. ಇಟ್ಟಿಗೆ ಮನೆಯಲ್ಲಿ ಹತ್ತು ಇಟ್ಟಿಗೆ ಒಡೆದರೆ ಯಾರೂ ಲೆಕ್ಕಿಸುವುದಿಲ್ಲ.

ಕಂಪನಿ ಹೇಳಿಕೊಂಡದ್ದು, ಬಣ್ಣ ಬಳಿಯಬೇಕಿಲ್ಲ, ಸೂರು ಬದಲಿಸಬೇಕಿಲ್ಲ ಎಂದು. ಎಪ್ಪತ್ತೈದು ವರ್ಷ ದಾಟಿದ ಮನೆಗಳನ್ನು ಇಂದು ನೋಡಿದರೆ ಆ ಮಾತು ಬಹುಮಟ್ಟಿಗೆ ನಿಜವೇ ಆಗಿದೆ. ಕೆಟ್ಟದ್ದು ಪಿಂಗಾಣಿಯಲ್ಲ, ಅದರ ಅಕ್ಕಪಕ್ಕದ್ದು. ಪಿವಿಸಿ ಪಟ್ಟಿ ಮೆತ್ತಗಿರಲು ಅದರಲ್ಲಿ ಬೆರೆಸಿದ ಎಣ್ಣೆಯಂಥ ವಸ್ತು ವರ್ಷಗಳು ಕಳೆದಂತೆ ಹೊರಬಂದು, ಪಟ್ಟಿ ಗಟ್ಟಿಯಾಗಿ ಕುಗ್ಗುತ್ತದೆ. ಸಂದಿಗೆ ನೀರು ಇಳಿದು ಫಲಕದ ಮಡಿಚಿದ ಅಂಚಿನಲ್ಲಿ ನಿಲ್ಲುತ್ತದೆ. ಅಲ್ಲಿ ಲೇಪ ತೆಳು. ತುಕ್ಕು ಹಿಡಿದ ಉಕ್ಕು ಉಬ್ಬುತ್ತದೆ, ಮೇಲಿನ ಗಾಜನ್ನು ಎಬ್ಬಿಸಿ ಹಾರಿಸುತ್ತದೆ, ಇನ್ನಷ್ಟು ಉಕ್ಕು ಬಯಲಾಗುತ್ತದೆ. ಹೊರಗೋಡೆಯ ತಳಸಾಲು ಮತ್ತು ಕಿಟಕಿಯ ಕೆಳಗಿನ ಚೌಕಗಳನ್ನು ಮೊದಲು ಪರೀಕ್ಷಿಸಬೇಕು ಎನ್ನುವುದು ಇದಕ್ಕೆ. ಸಂದಿಗೆ ಸಿಕ್ಕ ಸಿಕ್ಕ ಸೀಲಂಟ್ ಮೆತ್ತುವುದು ಕೆಟ್ಟ ಅಭ್ಯಾಸ. ಒಳಗೆ ಇಳಿದ ನೀರು ಹೊರಬರುವ ದಾರಿಯೂ ಮುಚ್ಚುತ್ತದೆ.

ಚಕ್ಕೆ ಎದ್ದ ಕಡೆ ಮತ್ತೆ ಪಿಂಗಾಣಿ ಹಾಕಲಾಗದು. ಅದಕ್ಕೆ ಫಲಕ ಬಿಚ್ಚಿ ಕುಲುಮೆಗೆ ಒಯ್ಯಬೇಕು. ಮಾಡಬಹುದಾದದ್ದು ಇಷ್ಟು: ತುಕ್ಕನ್ನು ಕೈಯಿಂದ ಉಜ್ಜಿ ತೆಗೆಯುವುದು, ತುಕ್ಕು ತಡೆಯುವ ಪ್ರೈಮರ್ ಹಚ್ಚುವುದು, ಮೇಲೆ ಎರಡು ಪದರ ತೆಳುವಾಗಿ ಎಪಾಕ್ಸಿ ಬಣ್ಣ. ಹತ್ತಿರದಿಂದ ನೋಡಿದರೆ ತೇಪೆ ಗೊತ್ತಾಗುತ್ತದೆ, ಗಾಜಿನ ಆಳ ಬಣ್ಣಕ್ಕಿಲ್ಲ. ಮರಳು ಊದಿ ತುಕ್ಕು ತೆಗೆಯಲು ಹೋದವರು ಒಳ್ಳೆಯ ಲೇಪವನ್ನೂ ಮಂಕು ಮಾಡಿಕೊಂಡು ಕೂರುತ್ತಾರೆ. ಇಡೀ ಗೋಡೆಗೆ ಬಣ್ಣ ಬಳಿಯುವುದು ಇನ್ನೂ ಕಷ್ಟ: ನುಣುಪಿನ ಮೇಲೆ ಬಣ್ಣ ಹಿಡಿಯದೆ ಕೆಲವೇ ವರ್ಷದಲ್ಲಿ ಸಿಪ್ಪೆ ಏಳುತ್ತದೆ, ಆಮೇಲೆ ಬಣ್ಣ ಬಳಿಯಬೇಕಿಲ್ಲದ ಮನೆಗೆ ಪದೇ ಪದೇ ಬಣ್ಣ ಬಳಿಯುವ ಕರ್ಮ. ನೆಲದ ಟೈಲು ಕೀಳುವ ಮುಂಚೆ ಪರೀಕ್ಷೆ ಮಾಡಿಸಬೇಕು. ಆ ಕಾಲದ ಡಾಂಬರು ಟೈಲಿನಲ್ಲೂ ಅದರ ಕೆಳಗಿನ ಕರಿ ಅಂಟಿನಲ್ಲೂ ಶ್ವಾಸಕೋಶಕ್ಕೆ ಕೆಡುಕಾದ ಕಲ್ನಾರು (ಆಸ್ಬೆಸ್ಟಾಸ್) ಇರುವುದು ಸಾಮಾನ್ಯ. ಹೊಸ ವಿದ್ಯುತ್ ತಂತಿ ಎಳೆಯುವವರು ಗೋಡೆ ಕೊರೆಯದೆ ಫಲಕ ಬಿಚ್ಚಿ ಎಳೆದು ಮತ್ತೆ ಮುಚ್ಚಬೇಕು. ವೈಫೈ ಕೋಣೆಯಿಂದ ಕೋಣೆಗೆ ಕುಂಟುತ್ತದೆ, ಮೊಬೈಲಿನವರು ಕಿಟಕಿ ಹತ್ತಿರ ಬಂದು ನಿಲ್ಲುತ್ತಾರೆ. ಉಕ್ಕಿನ ಡಬ್ಬಿಯೊಳಗೆ ಇನ್ನೇನಾದೀತು.

ಸಂಗ್ರಹಾಲಯಕ್ಕೆ ಮನೆ ಬಂದದ್ದು ಹೇಗೆ ಎನ್ನುವುದರಲ್ಲೇ ಈ ಮನೆಯ ಗುಣ ಕಾಣುತ್ತದೆ. ವರ್ಜೀನಿಯಾದ ಆರ್ಲಿಂಗ್ಟನ್ನಿನಲ್ಲಿ ನಿಂತಿದ್ದ ಮನೆಯನ್ನು 2006ರಲ್ಲಿ ಬಿಚ್ಚಿ ಜೋಪಾನವಾಗಿ ಇಟ್ಟರು. ಅದರ ಭಾಗಗಳೇ 2008ರಲ್ಲಿ ನ್ಯೂಯಾರ್ಕಿಗೆ ಹೋದದ್ದು, ಆಮೇಲೆ ಹುಟ್ಟಿದೂರು ಕೊಲಂಬಸ್ಸಿಗೆ ಬಂದದ್ದು. ಇಟ್ಟಿಗೆಯ ಮನೆಯನ್ನು ಹೀಗೆ ಸಾಗಿಸಲಾಗದು. ಅಲ್ಲಿ ಕೆಡವಿ ಇಲ್ಲಿ ಕಟ್ಟಿದರೆ ಅದು ಬೇರೆ ಮನೆ. ನಮ್ಮ ಕರಾವಳಿ, ಮಲೆನಾಡಿನ ಮರದ ಮನೆಗಳಿಗೆ ಮಾತ್ರ ಈ ಭಾಗ್ಯವಿದೆ. ಮಣಿಪಾಲದ ಹೆರಿಟೇಜ್ ವಿಲೇಜಿನಲ್ಲಿ ಬೇರೆ ಬೇರೆ ಊರುಗಳಿಂದ ಬಿಚ್ಚಿ ತಂದು ಮತ್ತೆ ನಿಲ್ಲಿಸಿದ ಮನೆಗಳಿವೆ. ಕುಸುರಿಯ ಜಂತಿಗೂ ಕಾರ್ಖಾನೆಯ ತಗಡಿಗೂ ಇಲ್ಲಿ ನಂಟು ಇದೆ: ಎರಡೂ ಅಂಟಿಸಿದವಲ್ಲ, ಕೂಡಿಸಿದವು.

ಬಿಚ್ಚುವುದು ಜೋಡಿಸುವುದಕ್ಕಿಂತ ಕಷ್ಟದ ಕೆಲಸ. ಮೊದಲು ಪ್ರತಿ ಗೋಡೆಯ ಫೋಟೋ ತೆಗೆದು, ನಕ್ಷೆಯ ಮೇಲೆ ಪ್ರತಿ ಫಲಕಕ್ಕೂ ಗೋಡೆ, ಸಾಲು, ಸ್ಥಾನ ಹೇಳುವ ಸಂಖ್ಯೆ ಕೊಡಬೇಕು. ಸಂಖ್ಯೆಯನ್ನು ಕಟ್ಟುವ ಚೀಟಿಯಲ್ಲಿ ಬರೆಯಬೇಕೇ ಹೊರತು ಅಂಟುಪಟ್ಟಿಯಲ್ಲಲ್ಲ. ಅಂಟು ಒಣಗಿ ಚೀಟಿ ಉದುರಿದರೆ ಒಂದೇ ಗಾತ್ರದ ನೂರಾರು ಚೌಕಗಳ ರಾಶಿ ಉಳಿಯುತ್ತದೆ. ಕಟ್ಟಿದ ಕ್ರಮಕ್ಕೆ ತಿರುವುಮುರುವಾಗಿ ಇಳಿಸಬೇಕು. ತುಕ್ಕಿನಿಂದ ಕಚ್ಚಿಕೊಂಡ ಸ್ಕ್ರೂವನ್ನು ಬಲವಂತದಿಂದ ತಿರುಗಿಸಿದರೆ ತಲೆಯ ಸುತ್ತ ಲೇಪ ಸಿಡಿಯುತ್ತದೆ. ಒಂದು ರಾತ್ರಿ ಎಣ್ಣೆ ಬಿಟ್ಟು ನೋಡಬೇಕು, ಬಾರದಿದ್ದರೆ ತಲೆಯನ್ನಷ್ಟೇ ಕೊರೆದು ತೆಗೆಯಬೇಕು. ಫಲಕಗಳನ್ನು ಒಂದರ ಮೇಲೊಂದು ಪೇರಿಸದೆ, ತಟ್ಟೆ ಜೋಡಿಸಿಟ್ಟಂತೆ ನಿಲ್ಲಿಸಿ, ನಡುವೆ ಮೆತ್ತನೆಯ ಹಾಳೆ ಇಟ್ಟು ಸಾಗಿಸುವುದು ಕ್ಷೇಮ. ಪಿವಿಸಿ ಪಟ್ಟಿ ಹಳೆಯದು ಮರಳಿ ಕೂರುವುದಿಲ್ಲ, ಹೊಸದು ಬೇಕೇ ಬೇಕು. ಸಂಗ್ರಹಾಲಯದೊಳಗೆ ಮಳೆಯಿಲ್ಲ, ಬಿಸಿಲಿಲ್ಲ. ಮನೆಯನ್ನು ತಿನ್ನುತ್ತಿದ್ದ ಎರಡೂ ಶತ್ರುಗಳು ಇಲ್ಲಿ ಇಲ್ಲ. ಹೊಸ ಶತ್ರು ಎಂದರೆ ನೋಡಲು ಬಂದವರ ಉಂಗುರ, ಬೆಲ್ಟಿನ ಬಕಲ್ಲು, ಬೆನ್ನುಚೀಲದ ಕೊಂಡಿ. ಬಾಗಿಲ ಪಕ್ಕದ ಫಲಕದ ಅಂಚುಗಳನ್ನು ಸೊಂಟದೆತ್ತರದಲ್ಲಿ ಗಮನಿಸಿದರೆ ಸಾಕು.

ಮನೆ ಇಷ್ಟು ಚೆನ್ನಾಗಿದ್ದರೆ ಅದನ್ನು ಮಾಡಿದ ಕಂಪನಿ ಮುಳುಗಿದ್ದೇಕೆ? ಆ ಉತ್ತರ ಪ್ರದರ್ಶನದ ಮನೆಯಲ್ಲಿ ಸಿಗದು, ಏಕೆಂದರೆ ಸೋತದ್ದು ಮನೆಯಲ್ಲ. ಸೋತದ್ದು ಕಾರ್ಖಾನೆ, ಅದನ್ನು ಗ್ಯಾಲರಿಯಲ್ಲಿ ಇಡಲು ಬರುವುದಿಲ್ಲ. ಯುದ್ಧಕಾಲದಲ್ಲಿ ವಿಮಾನ ಕಟ್ಟುತ್ತಿದ್ದ ಕರ್ಟಿಸ್-ರೈಟ್ ಕಂಪನಿಯ ಹತ್ತು ಲಕ್ಷ ಚದರಡಿ ಮೀರಿದ ಕಟ್ಟಡ, ಅದರ ತುಂಬ ಕುಲುಮೆ, ಪ್ರೆಸ್ಸು, ತೂಗುಸರಪಳಿ. ಒಂದೇ ಏಟಿಗೆ ಸ್ನಾನದ ತೊಟ್ಟಿ ಒತ್ತುವ ಭಾರಿ ಪ್ರೆಸ್ಸು ಸಹ ಇತ್ತು. ಅದು ಒತ್ತಬಲ್ಲ ತೊಟ್ಟಿಗಳಿಗೆ ಸಾಲುವಷ್ಟು ಮನೆ ಎಂದೂ ತಯಾರಾಗಲಿಲ್ಲ. ದಿನಕ್ಕೆ 100 ಮನೆ ಎಂಬ ಗುರಿ. ಭರಾಟೆಯ ಕಾಲದಲ್ಲೂ 26 ದಾಟಲಿಲ್ಲ. ರೀಕನ್‌ಸ್ಟ್ರಕ್ಷನ್ ಫೈನಾನ್ಸ್ ಕಾರ್ಪೊರೇಷನ್ ಎಂಬ ಸರ್ಕಾರಿ ಸಾಲಸಂಸ್ಥೆಯಿಂದ ಪಡೆದ ಸಾಲ ಒಟ್ಟು 3 ಕೋಟಿ 75 ಲಕ್ಷ ಡಾಲರ್. ತಯಾರಾದ ಮನೆಗಳಿಗೆ ಹಂಚಿದರೆ ಮನೆಯೊಂದಕ್ಕೆ 15,000. ಮನೆ ಮಾರಿದ್ದು ಜಾಗ ಬಿಟ್ಟು ಸುಮಾರು 10,000ಕ್ಕೆ.

ಆದರೆ ದಿನಕ್ಕೆ ನೂರು ತಯಾರಾಗಿದ್ದರೂ ಒಂದು ತೊಡಕು ಉಳಿಯುತ್ತಿತ್ತು, ಇದನ್ನು ಬಹಳ ಜನ ಗಮನಿಸುವುದಿಲ್ಲ. ಸಾಧಾರಣ ಮನೆಗೆ ಬ್ಯಾಂಕು ಸಾಲವನ್ನು ಕಂತಿನಲ್ಲಿ ಕೊಡುತ್ತದೆ: ಪಾಯಕ್ಕಿಷ್ಟು, ಗೋಡೆ ಎದ್ದಮೇಲಿಷ್ಟು, ಸೂರು ಬಿದ್ದಮೇಲಿಷ್ಟು. ಮನೆ ಕಟ್ಟಿಸಿದ ಯಾರಿಗಾದರೂ ಈ ಕಂತಿನ ಗೋಳು ಗೊತ್ತು. ಲಸ್ಟ್ರಾನ್ ಮನೆ ಲಾರಿಯಲ್ಲಿ ಒಂದೇ ಸಲ ಬರುತ್ತದೆ, ಬಂದಕೂಡಲೇ ಮಾರಾಟಗಾರ ಪೂರ್ತಿ ಹಣ ಎಣಿಸಬೇಕು. ಆಗ ನಿವೇಶನದಲ್ಲಿರುವುದು ಬರಿಯ ಪಾಯ. ಬ್ಯಾಂಕಿನ ಕಣ್ಣಿಗೆ ಮನೆ ಇನ್ನೂ ಹುಟ್ಟಿಲ್ಲ. ನಡುವಿನ ಹಣ ಹೊಂದಿಸುವಷ್ಟು ಬಂಡವಾಳ ಊರೂರಿನ ಸಣ್ಣ ಮಾರಾಟಗಾರರಲ್ಲಿ ಇರಲಿಲ್ಲ. ಕಾರು ಮಾರುವವನಿಗೆ ಈ ಕಷ್ಟವಿಲ್ಲ. ಕಾರಿಗೆ ಸೈಟು ಬೇಡ, ಪಾಯ ಬೇಡ, ನಗರಸಭೆಯ ಪರವಾನಗಿ ಬೇಡ. ಮನೆಯನ್ನು ಕಾರಿನಂತೆ ತಯಾರಿಸಬಹುದು, ಕಾರಿನಂತೆ ಮಾರಲಾಗದು. ಊರಿಗೊಂದು ಕಟ್ಟಡ ನಿಯಮ, ಕಾರ್ಖಾನೆಯಲ್ಲೇ ಜೋಡಿಸಿದ ಕೊಳಾಯಿ ಒಪ್ಪದ ಪ್ಲಂಬರುಗಳ ಸಂಘಗಳು ಬೇರೆ. ರಾಜಕೀಯವೂ ಸೇರಿಕೊಂಡಿತು. ವಸತಿ ಕುರಿತ ಒಂದು ಕಿರುಹೊತ್ತಿಗೆಗೆಂದು ಕಂಪನಿ 10,000 ಡಾಲರ್ ಕೊಟ್ಟದ್ದು ಯಾರಿಗೆ ಎಂದರೆ, ಮುಂದೆ ಕಮ್ಯುನಿಸ್ಟ್ ಬೇಟೆಗೆ ಹೆಸರಾದ ಸೆನೆಟರ್ ಜೋಸೆಫ್ ಮೆಕಾರ್ಥಿಗೆ. ಒಂದು ಇಡೀ ಮನೆಯ ಬೆಲೆ. 1950ರಲ್ಲಿ ಸರ್ಕಾರ ಸಾಲ ವಸೂಲಿಗೆ ಕಾರ್ಖಾನೆಯನ್ನೇ ಎಳೆದುಕೊಂಡಿತು.

ಅದೇ ವರ್ಷಗಳಲ್ಲಿ ಇದೇ ಕನಸನ್ನು ಕಂಡ ಇನ್ನೊಬ್ಬರ ನಂಟು ನಮ್ಮ ಬೆಂಗಳೂರಿಗಿದೆ. ಒಟ್ಟೊ ಕೂನಿಗ್ಸ್‌ಬರ್ಗರ್ ಬರ್ಲಿನ್ನಿನ ಯಹೂದಿ ವಾಸ್ತುಶಿಲ್ಪಿ. ನಾಜಿಗಳಿಂದ ತಪ್ಪಿಸಿಕೊಂಡು 1939ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದರು, ಸರ್ಕಾರದ ವಾಸ್ತುಶಿಲ್ಪಿಯಾದರು. ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ ಅವರ ಕಟ್ಟಡಗಳಿವೆ. 1948ರಲ್ಲಿ ಅವರು ದೆಹಲಿಗೆ ಹೋಗಿ ಕೇಂದ್ರ ಸರ್ಕಾರದ ವಸತಿ ನಿರ್ದೇಶಕರಾದರು. ಎದುರಿಗೆ ವಿಭಜನೆಯಿಂದ ಬಂದ ನಿರಾಶ್ರಿತರ ಸಾಗರ. ದೆಹಲಿಯ ಜಂಗಪುರದಲ್ಲಿ ಸರ್ಕಾರಿ ವಸತಿ ಕಾರ್ಖಾನೆ ಶುರುವಾಯಿತು. ಗುಳ್ಳೆ ತುಂಬಿದ ಹಗುರ ಕಾಂಕ್ರೀಟಿನ ಹಲಗೆಗಳನ್ನು ಎರಕ ಹೊಯ್ದು ಮನೆ ಜೋಡಿಸುವ ಯೋಜನೆ. ಹಲಗೆಗಳು ಬಿರುಕು ಬಿಟ್ಟವು. ಹಗುರ ಕಾಂಕ್ರೀಟಿನಲ್ಲಿ ನೀರು ಆರುವಾಗ ಕುಗ್ಗುವುದು ಹೆಚ್ಚು. ಪೂರ್ತಿ ಹದವಾಗುವ ಮೊದಲೇ ಎತ್ತಿ ಸಾಗಿಸಿದರೆ ಮೂಲೆ ಮುರಿಯುತ್ತದೆ, ದೆಹಲಿಯ ಒಣಬಿಸಿಲು ಅದಕ್ಕೆ ಇನ್ನಷ್ಟು ಅವಸರ ಮಾಡುತ್ತದೆ. ಟೀಕೆಗಳ ನಡುವೆ ಕೂನಿಗ್ಸ್‌ಬರ್ಗರ್ 1951ರಲ್ಲಿ ಲಂಡನ್ನಿಗೆ ಹೋದರು. ಅಮೆರಿಕದಲ್ಲಿ ವಸ್ತು ಗೆದ್ದು ಹಣ ಸೋತಿತು, ದೆಹಲಿಯಲ್ಲಿ ವಸ್ತುವೇ ಸೋತಿತು. ಆದರೂ ದೆಹಲಿಯ ಕಾರ್ಖಾನೆ ಮುಚ್ಚಲಿಲ್ಲ. ಹೆಸರು ಬದಲಿಸಿಕೊಂಡು ರೈಲು ಹಳಿಯ ಕೆಳಗಿನ ಕಾಂಕ್ರೀಟ್ ಸ್ಲೀಪರು ಮುಂತಾದವನ್ನು ಮಾಡುತ್ತ ಬಹಳ ಕಾಲ ನಡೆಯಿತು. ಸ್ಲೀಪರಿಗೆ ಗಿರಾಕಿ ಒಬ್ಬನೇ, ಅಳತೆ ಒಂದೇ, ಬ್ಯಾಂಕಿನ ಕಂತಿಲ್ಲ.

ಕಾರ್ಖಾನೆ ಮುಚ್ಚಿದ ದಿನವೇ ಲಸ್ಟ್ರಾನ್ ಮನೆಗಳಿಗೆ ಬಿಡಿಭಾಗ ಸಿಗುವುದು ನಿಂತಿತು. ಅಂದಿನಿಂದ ಒಂದು ಮನೆ ಬದುಕಲು ಇನ್ನೊಂದು ಸಾಯಬೇಕು. ವರ್ಜೀನಿಯಾದ ಕ್ವಾಂಟಿಕೊ ನೌಕಾ ಸೈನಿಕ ನೆಲೆಯಲ್ಲಿ ಸುಮಾರು 60 ಮನೆಗಳು ಒಟ್ಟಿಗಿದ್ದವು. 2006ರ ಹೊತ್ತಿಗೆ ಅವು ಬೇಡವಾದಾಗ, ಬಿಚ್ಚಿ ಒಯ್ಯುವವರಿಗೆ ಉಚಿತ ಎಂದರು. ಬಿಚ್ಚಿ, ಸಾಗಿಸಿ, ಹೊಸ ಪಾಯ ಹಾಕಿ ಮತ್ತೆ ನಿಲ್ಲಿಸುವ ಖರ್ಚು ನೋಡಿ ಬಂದವರು ಕೆಲವರೇ, ಹೆಚ್ಚಿನವು ನೆಲಸಮವಾದವು. ಈಗ ಜನವಾಸ ಇರುವ ಮನೆಗಳವರು ಬದಲಿ ಫಲಕ ಹುಡುಕುವುದು ಎಲ್ಲೋ ಕೆಡವುತ್ತಿರುವ ಲಸ್ಟ್ರಾನಿನಲ್ಲಿ, ಸಿಗದಿದ್ದರೆ ತಮ್ಮದೇ ಮನೆಯ ಬೆನ್ನಲ್ಲಿ. ಬೀದಿಗೆ ಕಾಣುವ ಗೋಡೆಯಲ್ಲಿ ಒಂದು ಚೌಕ ಹಾಳಾದರೆ ಹಿತ್ತಲ ಕಡೆಯ, ಗಿಡದ ಮರೆಯ ಚೌಕ ಬಿಚ್ಚಿ ಮುಂದೆ ಕೂರಿಸುತ್ತಾರೆ. ಹಿತ್ತಲಿನ ತೂತಿಗೆ ಸಿಕ್ಕ ಬಣ್ಣದ್ದು. ಹಾಗಾಗಿ ಸಂಗ್ರಹಾಲಯದ ಮನೆ ನೋಡಿದಮೇಲೆ ಓಹಾಯೊ ಅಥವಾ ಇಂಡಿಯಾನಾದ ಯಾವುದಾದರೂ ಬೀದಿಯಲ್ಲಿ ಇಂಥದೊಂದು ಮನೆ ಎದುರಾದರೆ, ಮುಂಭಾಗ ನೋಡಿ ಮುಗಿಸದೆ ಪಕ್ಕದ ರಸ್ತೆಗೆ ತಿರುಗಿ ಹಿತ್ತಲ ಗೋಡೆಯನ್ನೂ ಒಮ್ಮೆ ನೋಡಬೇಕು. ಬೂದುಬಣ್ಣದ ಚೌಕಗಳ ನಡುವೆ ಒಂದೇ ಒಂದು ಜೋಳದ ಹಳದಿ ಚೌಕ ಇದ್ದರೆ, ಅದು ಎಲ್ಲೋ ಇನ್ನೊಂದು ಊರಿನ ಮನೆಯದು.